ಕುಡಿದು ಬಂದ ಆಳು: ಒಕ್ಕಲು ಮನೆ ಏನು ಮಾಡಬೇಕು?



ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಚಾರ ನಾವು ನೀವು ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತು ಹೇಳಹೊರಟಿರುವುದು ಬೇರೊಂದು ರೋಗದ ವಿಚಾರ. ಇದು ಬೆಳೆಗೆ ತಗಲುವುದಿಲ್ಲ. ಬೆಳೆ ತೆಗೆಯುವ ಕೈಗೆ ತಗಲುತ್ತದೆ. ಕುಡಿತದ ಚಟ ಹತ್ತಿದ ಆಳಿನೊಡನೆ ಒಕ್ಕಲು ಮನೆ ಹೇಗೆ ನಡೆದುಕೊಳ್ಳಬೇಕು ಎಂಬುದೇ ಇವತ್ತಿನ ವಿಷಯ.

ಮಂಡ್ಯದ ಕಡೆಯ ಒಂದು ಆಲೆಮನೆ ಎಂದಿಟ್ಟುಕೊಳ್ಳಿ. ಇನ್ನೂ ಕೋಳಿ ಕೂಗುವ ಹೊತ್ತು. ನಿನ್ನೆ ಕಡಿದ ಕಬ್ಬು ರಾಶಿ ಬಿದ್ದಿದೆ. ಕೊಪ್ಪರಿಗೆ ಕೆಳಗೆ ಬೆಂಕಿ ಹತ್ತಿದೆ. ಗಾಣ ಸುತ್ತುವುದಕ್ಕೆ ಸಿದ್ಧ. ಗಾಣಕ್ಕೆ ಕಬ್ಬು ಕೊಡುವ ಆಳು ಬಂದ. ಹತ್ತು ವರ್ಷದಿಂದ ಇದೇ ಕೆಲಸ ಮಾಡಿದ ಕೈ. ಆದರೆ ಇವತ್ತು ಹೆಜ್ಜೆ ನೆಟ್ಟಗಿಲ್ಲ, ಬಾಯಲ್ಲಿ ವಾಸನೆ. ಕಬ್ಬು ಹಾಗೇ ಬಿದ್ದರೆ ತೂಕ ಇಳಿಯುತ್ತದೆ, ಬೆಲ್ಲ ಕೆಡುತ್ತದೆ. ಬೇರೆ ಆಳು ಸಿಕ್ಕುವುದು ಕಷ್ಟ. ನೀವು ಏನು ಮಾಡುತ್ತೀರಿ?

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಮೂರು ದಾರಿ ಉಂಟು. ಕೆಲವರು ನಾಲ್ಕು ಜನರೆದುರು ಬೈದು, ಕೈಯನ್ನೂ ಮಾಡಿ ಅಟ್ಟಿಬಿಡುತ್ತಾರೆ. ಕೆಲವರು 'ಅಯ್ಯೋ, ಅವನಿಗೆ ಅಭ್ಯಾಸ ಇದೆ ಬಿಡಿ, ಕಣ್ಣು ಮುಚ್ಚಿಕೊಂಡು ಮಾಡ್ತಾನೆ' ಅಂತ ಗಾಣಕ್ಕೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಇನ್ನೊಂದು ಪ್ಯಾಕೆಟ್ ತರಿಸಿ ಕೊಟ್ಟು ಕೆಲಸ ತೆಗೆಯುತ್ತಾರೆ. ಮೂರೂ ದಾರಿ ಕೆಟ್ಟವೇ. ಬೈದು ಅಟ್ಟಿದವನು ನೇರವಾಗಿ ಅಂಗಡಿಗೆ ಹೋಗುತ್ತಾನೆ. ಗಾಣಕ್ಕೆ ನಿಲ್ಲಿಸಿದವನ ಬೆರಳು ರೋಲಿಗೆ ಸಿಕ್ಕಿದರೆ, ಎಳೆದುಕೊಂಡು ಹೋಗುವುದು ಬರೀ ಬೆರಳನ್ನಲ್ಲ, ಇಡೀ ಕೈಯನ್ನು. ಕುಡಿಸಿ ಕೆಲಸ ತೆಗೆದವರು ಒಂದು ದಿನದ ಬೆಲ್ಲ ಉಳಿಸಿಕೊಂಡು ಒಂದು ಸಂಸಾರವನ್ನು ಕಳೆದಂತಾಯಿತು.

ನಾಲ್ಕನೆಯ ದಾರಿ ಒಂದಿದೆ. ಇದನ್ನು ಎರಡು ಭಾಗ ಮಾಡಿಕೊಳ್ಳಿ. ಒಂದು, ಇವತ್ತಿನ ಅಮಲು. ಇನ್ನೊಂದು, ಅದರ ಹಿಂದಿರುವ ಕಾಯಿಲೆ. ಅಮಲಿಗೆ ಬೇಕಾದ್ದು ಎಚ್ಚರ. ಕಾಯಿಲೆಗೆ ಬೇಕಾದ್ದು ಚಿಕಿತ್ಸೆ. ಇವೆರಡನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಸಿಟ್ಟಿನಲ್ಲಿ ಮುಗಿಸಲು ಹೋಗುವುದರಿಂದಲೇ ಎರಡೂ ಕೆಡುತ್ತವೆ.

ಅಮಲಿನ ಲೆಕ್ಕ

ಮೊದಲು ಹೆಂಡದ ಲೆಕ್ಕ ತಿಳಿದುಕೊಳ್ಳೋಣ. ಗೊಬ್ಬರದ ಚೀಲದಲ್ಲಿ ಸಾರಜನಕ ಎಷ್ಟು ಎಂದು ನೋಡುವ ಹಾಗೆ, ಬಾಟಲಿಯಲ್ಲಿ ಮದ್ಯಸಾರ ಎಷ್ಟು ಎಂದೂ ನೋಡಬೇಕು. ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿತು. ಈಗ ಹಳ್ಳಿಯಲ್ಲಿ ಹೆಚ್ಚಾಗಿ ಓಡಾಡುವುದು ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮು. ಇವುಗಳ ಮೇಲೆ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಎಂದು ಬರೆದಿರುತ್ತದೆ. ಹಾಗಾದರೆ 90 ಮಿಲಿಲೀಟರಿನ ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಮದ್ಯಸಾರ. 180ರ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. 'ಬೀರು ತಾನೆ, ತಂಪು' ಎನ್ನುವವರುಂಟು. ನೂರಕ್ಕೆ 8 ಭಾಗದ 650 ಮಿಲಿಲೀಟರ್ ಸ್ಟ್ರಾಂಗ್ ಬೀರಿನಲ್ಲಿ ಸುಮಾರು 40 ಗ್ರಾಂ ಇರುತ್ತದೆ. ಅಂದರೆ ಅದು ಪ್ಯಾಕೆಟ್ಟಿಗಿಂತ ಹೆಚ್ಚೇ ಆಯಿತು.

ಇದನ್ನು ಕರಗಿಸುವುದು ಮನುಷ್ಯನ ಪಿತ್ತಜನಕಾಂಗ, ನಾವು ಲಿವರು ಅನ್ನುವ ಅಂಗ. ಅದು ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಮಾತ್ರ. ನಿಂಬೆಹಣ್ಣು ತಿಂದರೂ ಅಷ್ಟೆ, ಮಜ್ಜಿಗೆ ಕುಡಿದರೂ ಅಷ್ಟೆ, ತಲೆ ಮೇಲೆ ಒಂದು ಕೊಡ ತಣ್ಣೀರು ಸುರಿದರೂ ಅಷ್ಟೆ. ನಿದ್ದೆ ಮಂಪರು ಹೋದೀತು, ಅಮಲು ಹೋಗುವುದಿಲ್ಲ. ರಾತ್ರಿ ಹತ್ತಕ್ಕೆ ಎರಡು ಕ್ವಾರ್ಟರು ಮುಗಿಸಿ ಮಲಗಿದವನ ಲೆಕ್ಕ ಹಾಕಿ: 120 ಗ್ರಾಂ, ಗಂಟೆಗೆ ಹತ್ತರಂತೆ ಹನ್ನೆರಡು ಗಂಟೆ. ಮಾರನೆಯ ಬೆಳಿಗ್ಗೆ ಹತ್ತು ಹೊಡೆಯುವವರೆಗೂ ಅವನ ರಕ್ತದಲ್ಲಿ ಮದ್ಯಸಾರ ಇದ್ದೇ ಇರುತ್ತದೆ. 'ಬೆಳಿಗ್ಗೆಯಿಂದ ಒಂದು ತೊಟ್ಟೂ ಮುಟ್ಟಿಲ್ಲ ಅಣ್ಣಾ' ಎಂದು ಅವನು ಹೇಳಿದರೆ ಆ ಮಾತು ನಿಜವೇ ಇರಬಹುದು. ಆದರೂ ಅವನು ಗಾಣಕ್ಕೆ ತಕ್ಕವನಲ್ಲ.

ಟ್ರ್ಯಾಕ್ಟರ್ ಇರುವವರು ಇನ್ನೊಂದು ಮಾತು ನೆನಪಿಡಿ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಓಡಿಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇದ್ದರೆ ಅಪರಾಧ. ಟ್ರ್ಯಾಕ್ಟರೂ ಮೋಟಾರು ವಾಹನವೇ. ಸಾಧಾರಣ ಮೈಕಟ್ಟಿನ ಆಳಿಗೆ ಒಂದು 90ರ ಪ್ಯಾಕೆಟ್ಟೇ ಆ ಗೆರೆ ದಾಟಿಸಲು ಸಾಕು. ಕುಡಿದಿದ್ದಾನೆ ಎಂದು ಗೊತ್ತಿದ್ದೂ ಕೀ ಕೊಟ್ಟು ಕಳಿಸಿದರೆ, ಕುಮ್ಮಕ್ಕು ಕೊಟ್ಟವನೆಂದು ಯಜಮಾನನ ತಲೆಯ ಮೇಲೂ ಬರುತ್ತದೆ.

ಆ ದಿನ ಮಾಡಬೇಕಾದ್ದು

ಆಳು ತೂರಾಡುತ್ತ ಬಂದ ಕೂಡಲೆ 'ಕುಡಿದಿದ್ದಾನೆ' ಎಂದು ತೀರ್ಮಾನ ಮಾಡಿಬಿಡಬೇಡಿ. ಕುಡಿದವನ ಹಾಗೆ ಕಾಣುವ ಬೇರೆ ಆಪತ್ತುಗಳಿವೆ. ಬದುವಿನಿಂದಲೋ ಗಾಡಿಯಿಂದಲೋ ಬಿದ್ದು ತಲೆಗೆ ಪೆಟ್ಟಾದವನು ತೊದಲುತ್ತಾನೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಂಡು ಊಟ ಬಿಟ್ಟವನು ಬೆವರಿ, ನಡುಗಿ, ಏನೇನೋ ಮಾತಾಡುತ್ತಾನೆ. ಔಷಧಿ ಸಿಂಪಡಿಸಿ ವಿಷ ಏರಿದವನಿಗೆ ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಚಿಕ್ಕದು, ವಾಂತಿ, ಹೊಟ್ಟೆ ನುಲಿತ. ಬಿಸಿಲು ಬಡಿದವನ ಮೈ ಕೆಂಡದ ಹಾಗೆ ಸುಡುತ್ತದೆ. ಇವರೆಲ್ಲ ಆಸ್ಪತ್ರೆಗೆ ಹೋಗಬೇಕಾದವರು. ಬಾಯಲ್ಲಿ ವಾಸನೆ ಇದ್ದ ಮಾತ್ರಕ್ಕೆ ತಲೆಗೆ ಪೆಟ್ಟಾಗಿಲ್ಲ ಎಂದು ಹೇಳಲಾಗದು. ಕುಡಿದು ಬಿದ್ದವನಿಗೇ ಪೆಟ್ಟು ಆಗುವುದು ಹೆಚ್ಚು.

ಕುಡಿದದ್ದೇ ಹೌದು ಎನ್ನಿಸಿದರೆ ಅವನನ್ನು ಕೆಲಸದಿಂದ ಬಿಡಿಸಿ. ಗಾಣ, ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರು, ಪಂಪಿನ ಕರೆಂಟು, ಕೊಪ್ಪರಿಗೆ, ಬಾವಿಯ ದಡ, ಅಡಿಕೆ ತೆಂಗಿನ ಮರ, ಔಷಧಿ ಸಿಂಪಡಣೆ, ಇವು ಯಾವುದರ ಹತ್ತಿರಕ್ಕೂ ಬಿಡಬೇಡಿ. ಔಷಧಿ ಹೊಡೆಯುವ ಮುಂಚೆ ಒಂದಿಷ್ಟು ಹಾಕಿಕೊಂಡರೆ ವಿಷ ನಾಟುವುದಿಲ್ಲ ಎಂಬ ಮಾತು ಕೆಲವು ಕಡೆ ಇದೆ. ಅದು ಶುದ್ಧ ಸುಳ್ಳು. ಕುಡಿದವನು ಮೂಗಿಗೆ ಬಟ್ಟೆ ಕಟ್ಟಲು ಮರೆಯುತ್ತಾನೆ, ಗಾಳಿ ಯಾವ ಕಡೆ ಎಂದು ನೋಡುವುದಿಲ್ಲ. ವಿಷ ಏರಿದರೂ ಅಮಲು ಎಂದುಕೊಂಡು ಮಲಗಿಬಿಡುತ್ತಾನೆ.

ಮಾತು ಕಡಿಮೆ ಇರಲಿ. 'ಇವತ್ತು ನಿನಗೆ ಆಗಲ್ಲಪ್ಪಾ, ಮನೆಗೆ ಹೋಗು, ನಾಳೆ ಮಾತಾಡೋಣ' ಎಂದಿಷ್ಟು ಹೇಳಿದರೆ ಸಾಕು. ಅಮಲಿನಲ್ಲಿದ್ದವನಿಗೆ ಬುದ್ಧಿ ಹೇಳುವುದು ಮಳೆಯಲ್ಲಿ ಔಷಧಿ ಸಿಂಪಡಿಸಿದ ಹಾಗೆ. ಒಂದು ಹನಿಯೂ ಎಲೆಯ ಮೇಲೆ ನಿಲ್ಲುವುದಿಲ್ಲ. ಅವನನ್ನು ಒಬ್ಬನೇ ಸೈಕಲ್ಲಿನಲ್ಲೋ ಬೈಕಿನಲ್ಲೋ ಕಳಿಸಬೇಡಿ. ದಾರಿಯಲ್ಲಿ ನಾಲೆ ಇದ್ದರಂತೂ ಯಾರನ್ನಾದರೂ ಜೊತೆ ಮಾಡಿ ಮನೆ ಬಾಗಿಲಿಗೆ ಮುಟ್ಟಿಸಿ. ಮಾಡದ ಕೆಲಸಕ್ಕೆ ಕೂಲಿ ಕೊಡಬೇಕಿಲ್ಲ. ಹಾಗೆಂದು ಹಿಂದೆ ದುಡಿದ ಕೂಲಿಯಲ್ಲಿ ದಂಡವನ್ನೂ ಹಿಡಿಯಬೇಡಿ.

ಎಚ್ಚರ ತಪ್ಪಿ ಬಿದ್ದಿದ್ದರೆ ಅಂಗಾತ ಮಲಗಿಸಬಾರದು. ವಾಂತಿ ಉಸಿರಿನ ಕೊಳವೆಗೆ ಹೋಗಿ ಪ್ರಾಣ ಹೋಗುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ, ಒಬ್ಬರು ಹತ್ತಿರವೇ ಇರಿ. ಬಾಯಿಗೆ ಉಪ್ಪುನೀರು, ಮಜ್ಜಿಗೆ ಹುಯ್ಯಬೇಡಿ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾದರೆ 108ಕ್ಕೆ ಫೋನು ಮಾಡಿ. ಕಳ್ಳಭಟ್ಟಿ ಕುಡಿದವನು 'ಕಣ್ಣು ಮಂಜಾಗ್ತಿದೆ' ಅಂದರೆ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಒಯ್ಯಿರಿ. ಅದು ಮೆಥನಾಲ್ ಎಂಬ ವಿಷದ ಗುರುತು. ಕಣ್ಣನ್ನೂ ತೆಗೆಯುತ್ತದೆ, ಜೀವವನ್ನೂ ತೆಗೆಯುತ್ತದೆ.

ಚಟವೋ, ಕಾಯಿಲೆಯೋ?

ಇಲ್ಲಿಗೆ ಒಂದು ದಿನದ ಮಾತು ಮುಗಿಯಿತು. ಇನ್ನು ಹಿಂದಿರುವ ಕಾಯಿಲೆಯ ವಿಚಾರ.

ಹಬ್ಬಕ್ಕೋ ಮಾರಿ ಜಾತ್ರೆಗೋ ಒಂದು ದಿನ ಕುಡಿದು ಕೆಲಸ ತಪ್ಪಿಸಿದವನು ಬೇರೆ. ಕುಡಿಯದೆ ಬದುಕಲಾರೆ ಎಂಬ ಸ್ಥಿತಿಗೆ ಬಂದವನು ಬೇರೆ. ಎರಡನೆಯವನದನ್ನು ವೈದ್ಯಶಾಸ್ತ್ರ ಕಾಯಿಲೆ ಎಂದೇ ಕರೆಯುತ್ತದೆ. ಅಮೆರಿಕದ ವೈದ್ಯರ ಸಂಘ 1956ರಷ್ಟು ಹಿಂದೆಯೇ ಹಾಗೆ ಹೇಳಿತು.

ಗುರುತು ಹೇಗೆ? ಬೆಳಿಗ್ಗೆ ಎದ್ದ ಕೂಡಲೆ ಕೈ ನಡುಗುತ್ತದೆ, ಬೀಡಿ ಹಚ್ಚಲೂ ಆಗುವುದಿಲ್ಲ. ಒಂದು ಗುಟುಕು ಹೋದರೆ ನಡುಕ ನಿಲ್ಲುತ್ತದೆ. ಮೊದಲು ಒಂದು ಪ್ಯಾಕೆಟ್ಟಿಗೆ ಬರುತ್ತಿದ್ದ ಅಮಲಿಗೆ ಈಗ ಮೂರು ಬೇಕು. 'ಒಂದೇ' ಎಂದು ಕೂತವನಿಗೆ ಏಳಲು ಆಗುವುದಿಲ್ಲ. ಬಟವಾಡೆಯ ಮಾರನೆ ದಿನ ತಪ್ಪದೆ ಗೈರುಹಾಜರಿ. ಊಟ ಕಡಿಮೆ, ಮೈ ಇಳಿತ, ಹೆಂಡತಿಯ ಓಲೆ ಒತ್ತೆ, ಮಕ್ಕಳು ಶಾಲೆ ಬಿಟ್ಟು ಕೂಲಿಗೆ. ಇಷ್ಟೂ ಇರಬೇಕೆಂದಿಲ್ಲ. ಬೆಳಗಿನ ನಡುಕ ಒಂದಿದ್ದರೂ ಮೈ ಹೆಂಡಕ್ಕೆ ಒಗ್ಗಿಹೋಗಿದೆ ಎಂದು ತಿಳಿಯಬೇಕು.

ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಹಾಳೆ ಮಾಡಿ. ಯಾವ ದಿನ ಬರಲಿಲ್ಲ, ಯಾವ ದಿನ ತಡವಾಗಿ ಬಂದ, ಯಾವ ದಿನ ಕೆಲಸದಿಂದ ಬಿಡಿಸಬೇಕಾಯಿತು, ಇಷ್ಟನ್ನೇ ಬರೆಯಿರಿ. ಅವನ ಮೇಲೆ ದೂರು ಹೊರಿಸುವುದಕ್ಕಲ್ಲ. ಮಾತಾಡುವಾಗ ಊಹೆ ಹೇಳದೆ, ನಡೆದದ್ದನ್ನು ಹೇಳುವುದಕ್ಕೆ.

ಮಾತಾಡುವ ಬಗೆ

ಮಾತಾಡಲು ಹೊತ್ತು ಆರಿಸಿಕೊಳ್ಳಬೇಕು. ಅಮಲು ಪೂರ್ತಿ ಇಳಿದಿರಬೇಕು. ಪಕ್ಕದಲ್ಲಿ ನಗುವ ಜನ ಇರಬಾರದು. ಜಗಲಿಯ ಮೇಲೆ ಕೂರಿಸಿ, ಒಂದು ಲೋಟ ಕಾಫಿಯೋ ಮಜ್ಜಿಗೆಯೋ ಕೊಟ್ಟು ಆರಂಭಿಸಿ. ಅವನು ನಂಬುವ ಒಬ್ಬ ಹಿರಿಯ, ಅವನ ಭಾವನೋ ಸೋದರಮಾವನೋ, ಜೊತೆಗಿದ್ದರೆ ಒಳ್ಳೆಯದು. 'ನೀನು ಕುಡುಕ, ಮನೆಹಾಳ' ಎಂದರೆ ಅವನು ಎದ್ದು ಹೋಗುತ್ತಾನೆ. ಹೀಗೆ ಆಡಿ ನೋಡಿ:

'ಬಾರಪ್ಪಾ ಕೂತ್ಕೋ. ನಿನ್ನ ಕೆಲಸದ ವಿಚಾರ ಒಂದು ಮಾತು. ಈ ತಿಂಗಳು ಆರು ದಿನ ನೀನು ಬಂದಿಲ್ಲ. ಎರಡು ದಿನ ನಾನೇ ವಾಪಸು ಕಳಿಸಿದೆ.'

'ಮೈಯಲ್ಲಿ ಹುಷಾರಿರಲಿಲ್ಲ ಅಣ್ಣಾ.'

'ಅದೇ ನಾನು ಹೇಳೋದು. ಹುಷಾರಿಲ್ಲ. ಬೆಳಿಗ್ಗೆ ನಿನ್ನ ಕೈ ನಡುಗೋದು ನೋಡಿದೀನಿ. ಹತ್ತು ವರ್ಷ ಆ ಕೈ ನಂಬಿ ಗಾಣ ಓಡಿಸಿದೀನಿ. ನಾಳೆ ಆ ಕೈ ಗಾಣಕ್ಕೆ ಸಿಕ್ಕಿದ್ರೆ ನಿನ್ನ ಹೆಂಡ್ತೀಗೆ ನಾನೇನು ಹೇಳಲಿ?'

'ಬಿಟ್ಟುಬಿಡ್ತೀನಿ ಅಣ್ಣಾ. ನಾಳೆಯಿಂದ ಮುಟ್ಟಲ್ಲ. ದೇವರಾಣೆ.'

'ಆಣೆ ಬೇಡ. ಡಾಕ್ಟ್ರ ಹತ್ರ ಬಾ. ಸೋಮವಾರ ನಾನೇ ಜೊತೆ ಬರ್ತೀನಿ. ನೀನು ಗುಣವಾಗಿ ಬರೋವರೆಗೆ ನಿನ್ನ ಕೆಲಸ ಇಲ್ಲೇ ಇರುತ್ತೆ. ಆದ್ರೆ ಒಂದು. ಅಮಲಲ್ಲಿ ಬಂದ ದಿನ ಗಾಣಕ್ಕೆ ನಿಲ್ಲಿಸಲ್ಲ. ಇದು ನಿನಗೂ ಅಷ್ಟೆ, ನನ್ನ ತಮ್ಮನಿಗೂ ಅಷ್ಟೆ.'

ನೋಡಿ, ಇದರಲ್ಲಿ ಬೈಗುಳ ಇಲ್ಲ. ಕಂಡದ್ದನ್ನು ಹೇಳಿದ್ದಾಯಿತು, ಅಪಾಯ ತೋರಿಸಿದ್ದಾಯಿತು, ದಾರಿ ತೋರಿಸಿದ್ದಾಯಿತು, ಕಟ್ಟುಪಾಡನ್ನೂ ಹೇಳಿದ್ದಾಯಿತು. ಅದು ಮನೆಯವರಿಗೂ ಆಳಿಗೂ ಒಂದೇ ಎಂದೂ ಹೇಳಿದ್ದಾಯಿತು. ಯಜಮಾನನೇ ಸಂಜೆ ತೂರಾಡುವ ಮನೆಯಲ್ಲಿ ಆಳಿಗೆ ಹೇಳುವ ಬುದ್ಧಿ ನಾಟುವುದಿಲ್ಲ.

ಕೂಡಿಹಾಕಬೇಡಿ

ಈಗ ಹೇಳುವ ಮಾತನ್ನು ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕು. 'ನಾಲ್ಕು ದಿನ ಕೊಟ್ಟಿಗೆಯಲ್ಲಿ ಕೂಡಿ ಬೀಗ ಹಾಕಿದರೆ ಚಟ ತಾನಾಗಿ ಬಿಡುತ್ತೆ' ಎನ್ನುವವರು ಬಹಳ ಜನ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ದಿನವೂ ಹೆಚ್ಚಾಗಿ ಕುಡಿಯುವವನು ಒಮ್ಮೆಲೆ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು.

ಕಾರಣ ಹೀಗಿದೆ. ಮದ್ಯಸಾರ ಮೆದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ಅದರೊಡನೆ ಹೆಣಗಿದ ಮೆದುಳು ತನ್ನ ವೇಗವನ್ನು ಹೆಚ್ಚಿಸಿಕೊಂಡಿರುತ್ತದೆ. ಭಾರದ ಗಾಡಿ ಎಳೆಯುತ್ತ ನೊಗಕ್ಕೆ ಮೈಕೊಟ್ಟು ನಿಂತ ಎತ್ತಿನ ಹಗ್ಗ ತಟಕ್ಕನೆ ಕಡಿದರೆ ಎತ್ತು ಮುಗ್ಗರಿಸುತ್ತದಲ್ಲ, ಹಾಗೆ. ಕೊನೆಯ ಗುಟುಕು ಹೋಗಿ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ನಿದ್ದೆಯಿಲ್ಲದಿರುವಿಕೆ ಶುರುವಾಗುತ್ತವೆ. 6ರಿಂದ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸು ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಮೆ ಹತ್ತುತ್ತದೆ. ಇಲ್ಲದ ಹಾವು, ಇರುವೆ ಕಾಣುತ್ತವೆ. ಊರು ದಿನ ಯಾವುದೂ ತಿಳಿಯುವುದಿಲ್ಲ. ಜ್ವರ ಏರುತ್ತದೆ, ಎದೆ ಡವಡವ ಎನ್ನುತ್ತದೆ. ಊರವರು 'ಗಾಳಿ ಸೋಕಿತು' ಎಂದು ಮಂತ್ರಕ್ಕೆ ಓಡುತ್ತಾರೆ. ಅದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ; ಹೆಂಡ ತಪ್ಪಿದ ಮೆದುಳಿನ ದಂಗೆ. ಆಗ ಮಂತ್ರಕ್ಕೆ ಕಳೆದ ಒಂದೊಂದು ಗಂಟೆಯೂ ಆಯುಷ್ಯದಲ್ಲಿ ಕಳೆದಂತೆ.

ಫಿಟ್ಸು ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಕೊಡುವ ರೂಢಿ ನಮ್ಮಲ್ಲಿದೆ. ಅದರಿಂದ ಏನೂ ಆಗದು. ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮೆತ್ತನೆ ಬಟ್ಟೆ ಇಟ್ಟು, ಸುತ್ತಲಿನ ಕುಡುಗೋಲು, ಕಲ್ಲು ಸರಿಸಿ. ಬಾಯೊಳಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಆಸ್ಪತ್ರೆಗೆ ಒಯ್ಯಿರಿ.

'ಹಾಗಾದರೆ ಕುಡಿಯುತ್ತಲೇ ಇರಲಿ ಅಂತೀರಾ?' ಎಂದು ನೀವು ಕೇಳಬಹುದು. ಹಾಗಲ್ಲ. ನಿಲ್ಲಿಸಲೇಬೇಕು, ಆದರೆ ವೈದ್ಯರ ಕಣ್ಣೆದುರಿಗೆ ನಿಲ್ಲಿಸಬೇಕು. ಅವರು ನಡುಕವನ್ನೂ ಫಿಟ್ಸನ್ನೂ ತಡೆಯುವ ಔಷಧಿ ಕೊಟ್ಟು, ದಿನದಿನಕ್ಕೆ ಇಳಿಸುತ್ತ, ಸಾಮಾನ್ಯವಾಗಿ ಒಂದು ವಾರ ಹತ್ತು ದಿನದಲ್ಲಿ ದಡ ಮುಟ್ಟಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ಜೀವಸತ್ವ ಕೊಡುತ್ತಾರೆ. ಬಹಳ ಕುಡಿಯುವವರ ಮೈಯಲ್ಲಿ ಅದು ಬತ್ತಿಹೋಗಿರುತ್ತದೆ. ಕೊಡದಿದ್ದರೆ ನೆನಪು ಅಳಿಯುತ್ತದೆ, ನಡಿಗೆ ಕೆಡುತ್ತದೆ. ಈ ಮಾತ್ರೆಗಳನ್ನು ಅಂಗಡಿಯಿಂದ ನೀವೇ ತಂದು ಕೊಡಬೇಡಿ.

ಅಕ್ಕತಂಗಿಯರಿಗೆ ವಿಶೇಷವಾಗಿ ಒಂದು ಮಾತು. 'ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ, ಕುಡಿತ ಬಿಡ್ತಾರೆ' ಎಂದು ಪುಡಿ, ಹನಿ ಮಾರುವವರು ಬರುತ್ತಾರೆ. ಡೈಸಲ್ಫಿರಾಂ ಎಂಬ ಔಷಧಿಯೊಂದುಂಟು. ಅದನ್ನು ತೆಗೆದುಕೊಂಡವನು ಹೆಂಡ ಮುಟ್ಟಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿ ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಂಡವನಿಗೆ ಅದು ಬೇಲಿ. ಅರಿಯದವನಿಗೆ ಕಳ್ಳತನದಿಂದ ಕೊಟ್ಟರೆ ಅದು ವಿಷ. ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ಯಾರೂ ಹೇಳಲಾರರು.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗ ಇದೆ. ಇಂಥ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರುವ ಯತ್ನ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಡೆಯಿತು; ಅದನ್ನು ಮಾದರಿ ಮಾಡಿಕೊಂಡೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗ ಇದೆ. ಮನೆಯಿಂದಲೇ ವಿಚಾರಿಸಬೇಕಾದರೆ 14416ಕ್ಕೆ ಫೋನು ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿ ಮನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಮಾಡಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ಹಿಂದೆ ಫಿಟ್ಸು ಬಂದಿದ್ದವನು, ಬೆಳಗಿನ ನಡುಕ ಇರುವವನು ಶಿಬಿರಕ್ಕೆ ಸೇರುವ ಮೊದಲು ಅದನ್ನು ಬಾಯಿಬಿಟ್ಟು ಹೇಳಬೇಕು, ವೈದ್ಯರಿಗೆ ತೋರಿಸಿಕೊಳ್ಳಬೇಕು. ಇನ್ನೊಂದು, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ. 1935ರಲ್ಲಿ ಅಮೆರಿಕದಲ್ಲಿ ಕುಡಿತದಿಂದ ನೊಂದ ಒಬ್ಬ ವ್ಯಾಪಾರಿ, ಒಬ್ಬ ವೈದ್ಯ ಸೇರಿ ಕಟ್ಟಿದ್ದು. 1957ರಲ್ಲಿ ನಮ್ಮ ದೇಶಕ್ಕೆ ಬಂತು. ಬಿಟ್ಟವರೇ ಬಿಡುವವರ ಕೈ ಹಿಡಿಯುತ್ತಾರೆ. ಚಂದಾ ಇಲ್ಲ, ಪೂರ್ತಿ ಹೆಸರನ್ನೂ ಕೇಳುವುದಿಲ್ಲ.

ತಿರುಗಿ ಬಂದ ಮೇಲೆ

ಆಸ್ಪತ್ರೆಯಿಂದ ಬಂದವನು ಆಗ ತಾನೆ ನಾಟಿ ಮಾಡಿದ ಪೈರಿನಂತೆ. ಬೇರು ಹಿಡಿಯಲು ದಿನ ಬೇಕು. ಮೊದಲ ಕೆಲವು ವಾರ ಯಂತ್ರದ ಕೆಲಸ ಬೇಡ. ಕಳೆ ಕೀಳುವುದು, ನೀರು ಕಟ್ಟುವುದು, ದನ ನೋಡುವುದು ಸಾಕು. ವೈದ್ಯರು ಮತ್ತೆ ಬರಹೇಳಿದ ದಿನ ಸುಗ್ಗಿಯ ನೆಪ ಹೇಳಿ ತಡೆಯಬೇಡಿ. ಜೊತೆ ಆಳುಗಳು 'ಏನೋ ಸನ್ಯಾಸಿ' ಎಂದು ಚುಚ್ಚಿದರೆ ಅಲ್ಲೇ ನಿಲ್ಲಿಸಿ. ಸಂಜೆಯ ಹೊತ್ತು ಕಷ್ಟದ ಹೊತ್ತು. ಆಗ ಕೈಗೆ ಒಂದು ಕೆಲಸ, ಹೊಟ್ಟೆಗೆ ಒಂದು ಊಟ ಇದ್ದರೆ ಅರ್ಧ ಗೆದ್ದಂತೆ.

ಮತ್ತೆ ಜಾರುವವರು ಬಹಳ. ಒಂದು ಸಲ ಜಾರಿದರೆ 'ಮುಗೀತು, ನಾಯಿ ಬಾಲ' ಎನ್ನಬೇಡಿ. ಒಂದು ಮಳೆ ತಪ್ಪಿದರೆ ನಾವು ಹೊಲ ಮಾರುತ್ತೇವೆಯೆ? ಮತ್ತೆ ಬಿತ್ತುತ್ತೇವೆ. ಅವನನ್ನೂ ಮತ್ತೆ ವೈದ್ಯರ ಬಳಿಗೆ ಕಳಿಸಿ. ಆದರೆ ಎಷ್ಟು ಹೇಳಿದರೂ ಚಿಕಿತ್ಸೆಗೆ ಒಪ್ಪದೆ, ಪದೇ ಪದೇ ಅಮಲಿನಲ್ಲೇ ಬಂದು ತನಗೂ ಇತರರಿಗೂ ಅಪಾಯ ತರುವವನನ್ನು ಇಟ್ಟುಕೊಳ್ಳಲೇಬೇಕೆಂದು ನಾವು ಹೇಳುವುದಿಲ್ಲ. ಬಾಕಿ ಕೂಲಿಯನ್ನು ಪೈಸೆ ಬಿಡದೆ ಕೊಟ್ಟು, 'ಗುಣವಾದ ದಿನ ಬಾ, ಬಾಗಿಲು ತೆಗೆದಿದೆ' ಎಂದು ಹೇಳಿ ಕಳಿಸಿ. ಆ ಕೊನೆಯ ಮಾತನ್ನು ಮಾತ್ರ ಬಿಡಬೇಡಿ. ಎಷ್ಟೋ ಸಲ ಮನುಷ್ಯ ಹಿಂದಿರುಗುವುದು ಅಂಥದೊಂದು ಮಾತು ಹಿಡಿದುಕೊಂಡೇ.

ನಮ್ಮ ಕೈಯಲ್ಲಿರುವುದು

ಇನ್ನು ಸ್ವಲ್ಪ ಕಹಿಯಾದ ಮಾತು, ಬೇಸರ ಮಾಡಿಕೊಳ್ಳಬೇಡಿ. ಅವನಿಗೆ ಮೊದಲ ಗುಟುಕು ಕೊಟ್ಟವರು ಯಾರು? ಎಷ್ಟೋ ಕಡೆ ನಾವೇ. ಒಕ್ಕಣೆ ರಾತ್ರಿ ಮುಗಿಯಬೇಕು ಎಂದು ಒಂದು ಬಾಟಲಿ. ಬೇರೆಯವರ ಗದ್ದೆಗೆ ಹೋಗದಿರಲಿ ಎಂದು ಒಂದು ಬಾಟಲಿ. ಕಟಾವು ಮುಗಿದ ಖುಷಿಗೆ ಒಂದು ಬಾಟಲಿ. ಸಂಜೆ ನಾವು ಹುಯ್ದದ್ದಕ್ಕೆ ಬೆಳಿಗ್ಗೆ ನಾವೇ ಬೆಲೆ ಕೊಡುತ್ತೇವೆ. ಅವನು ಅದಕ್ಕಿಂತ ಹೆಚ್ಚು ಕೊಡುತ್ತಾನೆ. ಕೂಲಿಯನ್ನು ಹೆಂಡದ ರೂಪದಲ್ಲಿ ಕೊಡಕೂಡದು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1949ರಲ್ಲೇ ಒಂದು ಒಪ್ಪಂದದಲ್ಲಿ ಬರೆಯಿತು. ನಮಗೆ ಒಪ್ಪಂದ ಬೇಕಿಲ್ಲ, ಮನಸ್ಸಾಕ್ಷಿ ಸಾಕು. ಆ ಬಾಟಲಿಯ ದುಡ್ಡಿಗೆ ಹೊಟ್ಟೆ ತುಂಬ ಊಟ ಹಾಕಿ, ಇಲ್ಲವೇ ಕೂಲಿಗೆ ಸೇರಿಸಿ ಕೊಡಿ.

ಬಟವಾಡೆಯನ್ನು ಅಂಗಡಿಯ ಹತ್ತಿರ, ಕತ್ತಲಾದ ಮೇಲೆ ಮಾಡಬೇಡಿ. ಬೆಳಕಿರುವಾಗಲೇ ಮನೆಯಲ್ಲಿ ಕೊಡಿ. ಅವನು ಒಪ್ಪಿದರೆ ಬ್ಯಾಂಕಿನ ಖಾತೆಗೆ ಹಾಕಿ. ಹೆಂಡತಿಯ ಕೈಗೆ ಕೊಡುವುದಾದರೂ ಅವನನ್ನು ಕೇಳಿಯೇ ಕೊಡಬೇಕು. ದುಡಿದ ಹಣ ಅವನದು. ಕೇಳದೆ ಕೊಟ್ಟರೆ ಆ ಸಿಟ್ಟು ರಾತ್ರಿ ಆ ತಾಯಿಯ ಬೆನ್ನ ಮೇಲೆ ಬೀಳುತ್ತದೆ. ಕುಡಿತಕ್ಕೆ ಮುಂಗಡ ಕೊಟ್ಟು, ಆ ಸಾಲದಲ್ಲಿ ಆಳನ್ನು ಕಟ್ಟಿಹಾಕಿಕೊಳ್ಳುವ ಪದ್ಧತಿ ಇದ್ದರೆ ಅದನ್ನು ಇಂದೇ ಬಿಡಿ. ಸಾಲದ ಹೆಸರಿನಲ್ಲಿ ದುಡಿಸಿಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯಂತೆ ಅಪರಾಧ.

ಕಡೆಗೆ ನೆನಪಿಡಬೇಕಾದ್ದು ಇಷ್ಟೆ. ಅಮಲಿನಲ್ಲಿ ಬಂದವನನ್ನು ಯಂತ್ರದಿಂದ ದೂರ ಇಡಿ. ಜೊತೆ ಕೊಟ್ಟು ಮನೆಗೆ ಮುಟ್ಟಿಸಿ. ಮಾತನ್ನು ಅಮಲಿಳಿದ ಮೇಲೆ ಆಡಿ. ಕೂಡಿಹಾಕಿ ಬಿಡಿಸಬೇಡಿ, ವೈದ್ಯರ ಬಳಿ ಬಿಡಿಸಿ. ಕದ್ದು ಔಷಧಿ ಹಾಕಬೇಡಿ. ಗುಣವಾಗಿ ಬಂದವನಿಗೆ ಕೆಲಸ ಉಳಿಸಿ. ನಿಮ್ಮ ಕೈಯಿಂದ ಹೆಂಡ ಕೊಡಬೇಡಿ. ಆಳಿನ ಜಾಗದಲ್ಲಿ ನಿಮ್ಮ ಅಣ್ಣನೋ ಮಗನೋ ಇದ್ದರೂ ಮಾಡಬೇಕಾದ್ದು ಇದೇ.

'ಆಳು ಮಾಡಿದ್ದು ಹಾಳು' ಎಂದು ಗಾದೆ ಹೇಳುತ್ತೇವೆ. ಆಳೇ ಹಾಳಾಗುತ್ತಿರುವಾಗ ನೋಡುತ್ತ ಕೂತರೆ ಹಾಳಾಗುವುದು ಎರಡು ಮನೆ. ನಾಳೆ ಬೆಳಿಗ್ಗೆ ನಿಮ್ಮ ಗದ್ದೆಗೆ, ಕಣಕ್ಕೆ, ಆಲೆಮನೆಗೆ ಬರುವ ಕೈಗಳನ್ನು ಒಮ್ಮೆ ನೋಡಿ. ನಡುಗುವ ಕೈ ಕಂಡರೆ ಈ ಮಾತು ನೆನಪಿಗೆ ಬರಲಿ.